ದುಂಡು ತಪ್ಪಿದ ಅಂಚು

ಮಗಳೇ, ಬಿ.ಎಸ್ಸಿ.ಗೆ ಗಣಿತ ತೆಗೆದುಕೊಂಡಿದ್ದೀಯ, ಸಂತೋಷ. "ಮೇಷ್ಟರಾಗುವುದು ಬಿಟ್ಟರೆ ಅದರಲ್ಲಿ ಇನ್ನೇನಿದೆ?" ಅನ್ನುವವರು ತುರುವೇಕೆರೆಯಲ್ಲೂ ಇದ್ದಾರೆ, ಚಿಕ್ಕನಾಯಕನಹಳ್ಳಿಯಲ್ಲೂ ಇದ್ದಾರೆ. ಅವರ ಜೊತೆ ವಾದಕ್ಕೆ ಕೂರಬೇಡ. ತೆಂಗಿನ ನಾರಿನ ಹುರಿ ಒಂದು ತುಂಡು ತೆಗೆದುಕೋ.

44 ಸೆಂ.ಮೀ. ಅಳೆದು, ತುದಿಗೆ ತುದಿ ಕೂಡಿಸು. ದುಂಡಗೆ ಇಟ್ಟರೆ ಒಳಗಿನ ವಿಸ್ತೀರ್ಣ ಸುಮಾರು 154 ಚದರ ಸೆಂ.ಮೀ. ಚೌಕ ಮಾಡಿದರೆ 121. 20 ಉದ್ದ, 2 ಅಗಲಕ್ಕೆ ಎಳೆದರೆ ಬರೀ 40. ಈಗ ಸುತ್ತಳತೆಯ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸು: ದುಂಡಿಗೆ 12.57, ಚೌಕಕ್ಕೆ 16, ಪಟ್ಟಿಗೆ 48.4. ಹುರಿ ಉದ್ದವಿರಲಿ, ಗಿಡ್ಡವಿರಲಿ, ದುಂಡಿನ ಲೆಕ್ಕ 12.57ರಿಂದ ಅಲುಗದು. ಅಂಚು ಸೊಟ್ಟಗಾದಷ್ಟೂ ಸಂಖ್ಯೆ ಏರುತ್ತದೆ.

ಇದೇ ಲೆಕ್ಕವನ್ನು 1990ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ವಿಲಿಯಂ ವೋಲ್‌ಬರ್ಗ್, ಗಣಿತಜ್ಞ ಓಲ್ವಿ ಮಂಗಸೇರಿಯನ್, ನಿಕ್ ಸ್ಟ್ರೀಟ್ ಸೇರಿ ಜೀವಕೋಶಕ್ಕೆ ಹಚ್ಚಿದರು. ಸ್ತನದ ಗಂಟಿನಿಂದ ಸೂಜಿಯಲ್ಲಿ ತೆಗೆದ ಕೋಶಗಳ ಚಿತ್ರದಲ್ಲಿ ಒಂದೊಂದು ಕೋಶಕೇಂದ್ರದ ಅಂಚನ್ನೂ ಗುರುತಿಸಿ, ಅದರ ಗಾತ್ರ, ನಯ, ಒಳಕ್ಕೆ ತಗ್ಗಿದ ಜಾಗಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳೆದರು. ಒಟ್ಟು 569 ಮಾದರಿ, ಒಂದೊಂದಕ್ಕೂ 30 ಸಂಖ್ಯೆ. ಕ್ಯಾನ್ಸರಿನ ಕೋಶಕೇಂದ್ರ ಸಾಮಾನ್ಯವಾಗಿ ಹಿಗ್ಗಿರುತ್ತದೆ, ಅಂಚು ಏರುಪೇರಾಗಿರುತ್ತದೆ. ಆ ಅಂಕಿಗಳು ಇಂದಿಗೂ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತವೆ. ರಜೆಯಲ್ಲಿ ನೀನೇ ತೆಗೆದು ಲೆಕ್ಕ ಹಾಕಿ ನೋಡು.

ಆದರೆ ಒಂದೇ ಸಂಖ್ಯೆ ನಂಬಿ ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ತೀರ್ಪು ಕೊಡಬೇಡ. ಬಾವು ಬಂದರೂ ಕೋಶದ ರೂಪ ಕೆಡುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಚಿಕ್ಕದಾಗಿ, ಒಂದೇ ಸಮನಾಗಿ, ಸಾಧುವಾಗಿ ಕಾಣುತ್ತವೆ. ಹಲವು ಅಳತೆಗಳನ್ನು ಒಟ್ಟಿಗೆ ತೂಗಿ ಜೀವಿಗಳನ್ನು ವಿಂಗಡಿಸುವ ದಾರಿಯನ್ನು 1948ರಲ್ಲೇ ಬರೆದು ತೋರಿಸಿದವರಲ್ಲಿ ಒಬ್ಬರು ನಮ್ಮ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ಎಪ್ಪತ್ತು ದಾಟಿದ ಮೇಲೂ, 1996ರಲ್ಲಿ, ಆಕಾರಗಳ ಸಂಖ್ಯಾಶಾಸ್ತ್ರದ ಮೇಲೆ ಅವರು ಪ್ರಬಂಧ ಪ್ರಕಟಿಸಿದರು. ಓದಿದರೆ ಹಾಗೆ ಓದಬೇಕು. ಗಣಿತದ ಜೊತೆಗೆ ಜೀವಶಾಸ್ತ್ರವನ್ನೂ ಬಿಡಬೇಡ. ಸೂಕ್ಷ್ಮದರ್ಶಕದ ಮುಂದೆ ಕೂತು ಕಣ್ಣು ಪಳಗಿಸಿದ ವೈದ್ಯರ ಪಕ್ಕ ಕೂತು ಕಲಿ. ಕೊನೆಯ ಮಾತು ಅವರದೇ.

ಇನ್ನೊಂದು ಮಾತು. ಕೋಶ ಗಾಜಿನ ಪಟ್ಟಿಯ ಮೇಲೆ ಬಂದರೆ ತಾನೇ ಲೆಕ್ಕ ಶುರು? ಅದಕ್ಕೆ ಮೊದಲು ರೋಗಿ ಆಸ್ಪತ್ರೆಗೆ ಬರಬೇಕು. ನಮ್ಮದು ತೆಂಗಿನ ನಡುವೆ ಅಡಿಕೆ ಇಟ್ಟ ಸೀಮೆ. ಹೊಗೆಸೊಪ್ಪು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬಾಯಿಹುಣ್ಣನ್ನು ಮುಚ್ಚಿಟ್ಟುಕೊಂಡು ತಿರುಗುವವರು ಊರೂರಲ್ಲೂ ಇದ್ದಾರೆ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ ಮನೆಯಲ್ಲಿ ಯಾರಿಗಾದರೂ ಕಂಡರೆ, ತಡಮಾಡದೆ ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗು.