ಶಿನಾಯ್ ಆರೈಕೆ: ಎಣ್ಣೆಗಿಂತ ಮೊದಲು ಕಣ್ಣು, ಬೆರಳು

ಕೆಂಡೊ ಆಡುವವರು ತಲೆಗೆ ಧರಿಸುವ ‘ಮೆನ್’ ಎಂಬ ಶಿರಸ್ತ್ರಾಣದ ಮುಂಭಾಗದಲ್ಲಿ ಲೋಹದ ಅಡ್ಡಸರಳುಗಳಿರುತ್ತವೆ. ಬಿದಿರಿನ ಅಭ್ಯಾಸದ ಕತ್ತಿ, ಅಂದರೆ ಶಿನಾಯ್, ಸರಿಯಾಗಿದ್ದರೆ ಆ ಸರಳುಗಳ ನಡುವೆ ತೂರಲಾರದು. ಆದರೆ ಅದರಿಂದ ಎದ್ದ ಸಿಬಿರು ತೂರಬಲ್ಲದು, ಒಡೆದ ದಬ್ಬೆಯ ಚೂಪು ತುದಿಯೂ ತೂರಬಲ್ಲದು. ಸರಳುಗಳ ಹಿಂದೆ ಇರುವುದು ಜೊತೆಗಾರನ ಕಣ್ಣು. ಶಿನಾಯ್ ಆರೈಕೆಯ ಬಗ್ಗೆ ಹೇಳಬೇಕಾದ ಎಲ್ಲವೂ ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ. ಸಾಮಾನ್ಯವಾಗಿ ಈ ಕೆಲಸವನ್ನು ಕತ್ತಿಯ ಆಯುಷ್ಯ ಹೆಚ್ಚಿಸುವ ಉಪಾಯವೆಂದು ಕಲಿಸುತ್ತಾರೆ: ಎಣ್ಣೆ ಹಚ್ಚಿ, ಉಜ್ಜಿ, ಇನ್ನೆರಡು ತಿಂಗಳು ಬಳಸಿ. ಆಯುಷ್ಯ ಹೆಚ್ಚಿದರೆ ಒಳ್ಳೆಯದೇ. ಆದರೆ ಆರೈಕೆಯ ಮೊದಲ ಗುರಿ ಎದುರು ನಿಂತವರ ಸುರಕ್ಷತೆ. ಈ ಗುರಿಯನ್ನು ಮುಂದಿಟ್ಟುಕೊಂಡರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬ ಕ್ರಮವೇ ಬದಲಾಗುತ್ತದೆ.

ಈ ಉಪಕರಣ ಹುಟ್ಟಿದ್ದೂ ಅದೇ ಕಾರಣಕ್ಕೆ. ಮರದ ಕತ್ತಿಯಿಂದ ಪೂರ್ಣ ಬಲದ ಹೊಡೆತ ಹೊಡೆದರೆ ಮೂಳೆ ಮುರಿಯುತ್ತದೆ. ಹಾಗಾಗಿ ಜಪಾನಿನ ಕತ್ತಿವರಸೆಯ ಶಾಲೆಗಳಲ್ಲಿ ಹೊಡೆತವನ್ನು ಮೈಗೆ ತಾಕುವ ಮುನ್ನವೇ ತಡೆಯಬೇಕಿತ್ತು, ಇಲ್ಲವೇ ನಿಗದಿಯಾದ ಪಟ್ಟುಗಳನ್ನಷ್ಟೇ ಅಭ್ಯಾಸ ಮಾಡಬೇಕಿತ್ತು. 18ನೇ ಶತಮಾನದ ಆರಂಭದಲ್ಲಿ ನಾಗಾನುಮಾ ಕುನಿಸಾತೊ ರಕ್ಷಾಕವಚವನ್ನು ಸುಧಾರಿಸಿ ಬಿದಿರು ಕತ್ತಿಯ ಅಭ್ಯಾಸವನ್ನು ಬೆಳೆಸಿದ. ಅದೇ ಶತಮಾನದ ನಡುಭಾಗದಲ್ಲಿ ನಾಕಾನಿಶಿ ಚೂಜೊ ಅದನ್ನು ತನ್ನ ಶಾಲೆಗೆ ತಂದ. ಕೈ ಹಿಡಿಯದೆ ಹೊಡೆಯಬೇಕು, ಆದರೂ ಯಾರಿಗೂ ಗಾಯವಾಗಬಾರದು ಎಂಬ ಒಪ್ಪಂದ ಈ ಕಲೆಯ ತಳಹದಿ. ಹದಗೆಟ್ಟ ಶಿನಾಯ್ ಹಿಡಿದು ಅಂಗಳಕ್ಕೆ ಇಳಿದವನು ಆ ಒಪ್ಪಂದವನ್ನು ಮುರಿದಂತೆಯೇ.

ಆರೈಕೆಗೆ ಕೈಹಾಕುವ ಮೊದಲು ಅಂಗಾಂಗಗಳ ಪರಿಚಯ ಬೇಕು. ಶಿನಾಯ್ ಎಂದರೆ ಬಿದಿರಿನ ನಾಲ್ಕು ದಬ್ಬೆಗಳನ್ನು ಒಂದಕ್ಕೊಂದು ಒತ್ತಾಗಿ ಜೋಡಿಸಿದ ಪೊಳ್ಳು ಕೋಲು. ತುದಿಯನ್ನು ಹಿಡಿದಿಡುವ ಚರ್ಮದ ಟೊಪ್ಪಿಗೆ ‘ಸಾಕಿಗಾವಾ’, ಅದರೊಳಗೆ ರಬ್ಬರಿನ ಒಂದು ಬಿರಡೆ. ಹಿಡಿಯ ಮೇಲೆ ಉದ್ದನೆಯ ಚರ್ಮದ ಚೀಲ. ಇವೆರಡನ್ನೂ ಎಳೆದು ಕಟ್ಟುವ ಹುರಿ ‘ತ್ಸುರು’. ನಡುವೆ ದಬ್ಬೆಗಳು ಬಿರಿಯದಂತೆ ಬಿಗಿಯುವ ಚರ್ಮದ ಪಟ್ಟಿ ‘ನಾಕಾಯುಯಿ’. ಹಿಡಿಯ ಒಳಗೆ ಕಣ್ಣಿಗೆ ಕಾಣದ ಪುಟ್ಟ ಚೌಕ ಲೋಹದ ತಗಡೊಂದಿದೆ, ಅದಕ್ಕೆ ‘ಚಿಗಿರಿ’ ಎನ್ನುತ್ತಾರೆ. ದಬ್ಬೆಗಳು ಒಂದರ ಪಕ್ಕ ಒಂದು ಜಾರದಂತೆ ತಡೆಯುವುದು ಅದರ ಕೆಲಸ. ಮೊಳೆಯಾಗಲಿ ಅಂಟಾಗಲಿ ಎಲ್ಲೂ ಇಲ್ಲ, ಎಲ್ಲವೂ ಹುರಿಯ ಬಿಗಿತದ ಮೇಲೆ ನಿಂತಿದೆ. ಹುರಿ ಸಡಿಲವಾದರೆ ಕತ್ತಿಯ ಪ್ರತಿಯೊಂದು ಭಾಗವೂ ಅಪಾಯಕ್ಕೆ ತೆರೆದುಕೊಳ್ಳುತ್ತದೆ.

ಮೊದಲ ಹೆಜ್ಜೆ ಪರೀಕ್ಷೆ. ಪ್ರತಿ ಅಭ್ಯಾಸಕ್ಕೆ ಮುಂಚೆ, ಸಾಧ್ಯವಾದರೆ ನಡುವಿನ ಬಿಡುವಿನಲ್ಲೂ ಇದನ್ನು ಮಾಡಬೇಕು. ಬೆಳಕಿಗೆ ಎದುರಾಗಿ ಹಿಡಿದು ನಾಲ್ಕೂ ಬದಿಯನ್ನು ತಿರುಗಿಸಿ ನೋಡಿ. ಬಳಿಕ ಹತ್ತಿಯ ತುಣುಕನ್ನೋ ಹಳೆಯ ಬಟ್ಟೆಯನ್ನೋ ದಬ್ಬೆಗಳ ಅಂಚಿನ ಮೇಲೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರು ಏಳುತ್ತಿದೆ ಎಂದರ್ಥ. ನಾಕಾಯುಯಿಯ ಹಿಂದೆ ಮುಂದೆ ಎರಡೂ ಕೈಯಲ್ಲಿ ಹಿಡಿದು ಹಿಂಡಿದರೆ ದಬ್ಬೆಗಳ ನಡುವಿನ ಸಂದು ತುಸು ತೆರೆಯುತ್ತದೆ, ಒಳ ಅಂಚಿನ ಬಿರುಕು ಆಗ ಕಾಣುತ್ತದೆ. ಗಿಣ್ಣುಗಳ ಆಸುಪಾಸನ್ನು ಎರಡು ಸಲ ನೋಡಿ. ಬಿದಿರಿನ ನಾರೆಲ್ಲ ಉದ್ದಕ್ಕೆ ಸಾಗುವುದರಿಂದ ಒಮ್ಮೆ ಹುಟ್ಟಿದ ಸೀಳು ಅಡ್ಡಕ್ಕೆ ನಿಲ್ಲುವುದಿಲ್ಲ, ಉದ್ದಕ್ಕೆ ಓಡುತ್ತದೆ. ಬೆಳಗ್ಗೆ ಬೆರಳುದ್ದ ಇದ್ದದ್ದು ಸಂಜೆಯೊಳಗೆ ಗೇಣುದ್ದವಾಗಬಹುದು. ಕೊನೆಗೆ ತುದಿಯ ಟೊಪ್ಪಿಗೆ: ಚರ್ಮ ಹರಿದಿದ್ದರೆ, ತೂತಾಗಿದ್ದರೆ, ಬೆರಳಿಂದ ಒತ್ತಿದಾಗ ಒಳಗಿನ ಬಿದಿರು ಹೊರಗೆ ಇಣುಕಿದರೆ ಆ ಕತ್ತಿಯನ್ನು ಅಂದು ಬಳಸಬೇಡಿ. ಗಂಟಲಿಗೆ ಗುರಿಯಿಡುವ ‘ತ್ಸುಕಿ’ ಇರಿತದಲ್ಲಿ ಇಡೀ ದೇಹದ ತೂಕ ಆ ಪುಟ್ಟ ಚರ್ಮದ ಹಿಂದಿರುತ್ತದೆ.

ಹೊಸ ಕತ್ತಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅಂಗಡಿಯಿಂದ ಬಂದ ಶಿನಾಯ್‌ನ ದಬ್ಬೆಗಳ ಅಂಚು ಎಷ್ಟೋ ಸಲ ಹರಿತವಾಗಿಯೇ ಇರುತ್ತದೆ. ಸಿಬಿರು ಹುಟ್ಟುವುದೇ ಈ ಅಂಚುಗಳಲ್ಲಿ, ಏಕೆಂದರೆ ಹೊಡೆತ ಬಿದ್ದಾಗಲೆಲ್ಲ ದಬ್ಬೆಗಳು ಒಂದನ್ನೊಂದು ಜಜ್ಜುತ್ತವೆ. ಹೊಸ ಹುರಿಯೂ ಮೊದಲ ಕೆಲವು ಅಭ್ಯಾಸಗಳಲ್ಲಿ ಹಿಗ್ಗುತ್ತದೆ. ಆದ್ದರಿಂದ ಬಳಸುವ ಮೊದಲೇ ಒಮ್ಮೆ ಬಿಚ್ಚುವುದು ಜಾಣತನ. ಹಿಡಿಯ ಕಡೆಯ ಗಂಟು ಬಿಚ್ಚಿ, ನಾಕಾಯುಯಿ ತೆಗೆದು, ಟೊಪ್ಪಿಗೆ ಮತ್ತು ಹಿಡಿಯ ಚರ್ಮವನ್ನು ಎಳೆದು ತೆಗೆಯಿರಿ. ದಬ್ಬೆಗಳನ್ನು ಬೇರ್ಪಡಿಸುವ ಮೊದಲು ಹಿಡಿಯ ಭಾಗದಲ್ಲಿ ಪೆನ್ಸಿಲಿನಿಂದ ಒಂದರಿಂದ ನಾಲ್ಕರವರೆಗೆ ಗುರುತು ಹಾಕುವುದನ್ನು ಮರೆಯಬೇಡಿ, ಚಿಗಿರಿ ಕೂತಿರುವ ಸೀಳನ್ನೂ ಗಮನಿಸಿಕೊಳ್ಳಿ.

ಈಗ ಉಜ್ಜುವ ಕೆಲಸ. ದಬ್ಬೆಯ ಎರಡೂ ಅಂಚಿನ ಮೂಲೆಗಳನ್ನು ಚಾಕುವಿನ ಅಲಗಿನಿಂದ ನಾರಿನ ದಿಕ್ಕಿಗೇ ಹಗುರವಾಗಿ ಹೆರೆದು, ಮೇಲೆ ನುಣುಪಾದ ಸ್ಯಾಂಡ್‌ಪೇಪರ್ ಆಡಿಸಿ. ಅಂಚು ಬೆರಳಿಗೆ ದುಂಡಗೆ ಸಿಗಬೇಕು, ಅಷ್ಟು ಸಾಕು. ಚಾಕು ನಾರಿನೊಳಗೆ ಇಳಿಯತೊಡಗಿದರೆ ತಕ್ಷಣ ನಿಲ್ಲಿಸಿ ಎದುರು ದಿಕ್ಕಿನಿಂದ ಹೆರೆಯಿರಿ, ಇಲ್ಲವಾದರೆ ನೀವೇ ಸೀಳು ಹುಟ್ಟಿಸಿದಂತಾಗುತ್ತದೆ. ಹೊರಮೈಯ ಹೊಳಪಿನ ಪದರವನ್ನು ಮುಟ್ಟಬೇಡಿ. ಬಿದಿರಿನಲ್ಲಿ ಗಟ್ಟಿ ನಾರುಗಳು ಒತ್ತಾಗಿರುವುದು ಹೊರಗಿನ ಸಿಪ್ಪೆಯ ಕಡೆಗೆ, ಒಳಗೆ ಹೋದಂತೆ ಅದು ಮೆತ್ತಗಾಗುತ್ತದೆ. ಮೇಲ್ಪದರ ಹೋದ ದಬ್ಬೆ ನೋಡಲು ನಯವಾಗಿದ್ದರೂ ಬಲ ಕಳೆದುಕೊಂಡಿರುತ್ತದೆ.

ಎಣ್ಣೆಯ ವಿಷಯದಲ್ಲಿ ಅಭಿಪ್ರಾಯಭೇದವಿದೆ. ಒಣಗಿದ ಬಿದಿರು ಬೇಗ ಸೀಳುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಅಗಸೆ ಎಣ್ಣೆಯನ್ನೋ ಕ್ಯಾಮೆಲಿಯಾ ಎಣ್ಣೆಯನ್ನೋ ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಒರೆಸಿ, ಕೆಲವು ದಿನ ನೆರಳಲ್ಲಿ ಬಿಟ್ಟು, ಉಳಿದ ಜಿಡ್ಡು ತೆಗೆದು ಜೋಡಿಸುವುದು ಹಳೆಯ ರೂಢಿ. ಅದು ಮಾಡಬೇಕಾದ ಕೆಲಸವೇ. ಆದರೆ ಎಣ್ಣೆಯಲ್ಲಿ ಮುಳುಗಿಸಿಡುವುದರಿಂದ ಲಾಭಕ್ಕಿಂತ ತೊಂದರೆ ಹೆಚ್ಚು: ಕತ್ತಿ ಭಾರವಾಗುತ್ತದೆ, ಸಮತೋಲ ತಪ್ಪುತ್ತದೆ, ಚರ್ಮಕ್ಕೆ ಜಿಡ್ಡು ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಣ್ಣೆ ಹಚ್ಚಿದೆನಲ್ಲ ಎಂಬ ನೆಮ್ಮದಿಯಲ್ಲಿ ಪರೀಕ್ಷೆ ತಪ್ಪಿಹೋಗುತ್ತದೆ. ಹುಟ್ಟಿದ ಬಿರುಕನ್ನು ಯಾವ ಎಣ್ಣೆಯೂ ಕೂಡಿಸುವುದಿಲ್ಲ. ಶಿನಾಯ್ ಇಡುವ ಜಾಗದ ಬಗ್ಗೆ ಇದರ ಅರ್ಧದಷ್ಟು ಕಾಳಜಿ ವಹಿಸಿದರೂ ಹೆಚ್ಚು ಫಲವಿದೆ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಬಿದಿರು ಒಣಗುತ್ತದೆ. ಬೆವರಿನ ತೇವವಿದ್ದಂತೆಯೇ ಚೀಲದಲ್ಲಿ ಮುಚ್ಚಿಟ್ಟರೆ ಹಿಡಿಯೊಳಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನಲ್ಲೋ ಕರಾವಳಿಯಲ್ಲೋ ಅಭ್ಯಾಸ ಮಾಡುವವರಿಗೆ ಎರಡನೆಯದೇ ದೊಡ್ಡ ಚಿಂತೆ. ಗಾಳಿಯಾಡುವ ನೆರಳಿನ ಮೂಲೆ ಇದಕ್ಕೆ ತಕ್ಕ ಜಾಗ.

ಮರುಜೋಡಣೆಯಲ್ಲಿ ಒಂದು ಸರಳ ಲೆಕ್ಕವಿದೆ. ಹುರಿ ಇರುವ ಬದಿ ಕತ್ತಿಯ ಬೆನ್ನು, ಅದರ ಎದುರಿನದು ಅಲಗು. ಹೊಡೆತವೆಲ್ಲ ಬೀಳುವುದು ಅಲಗಿನ ದಬ್ಬೆಯ ಮೇಲೆಯೇ. ಆದ್ದರಿಂದ ಬಿಚ್ಚಿದಾಗಲೆಲ್ಲ ದಬ್ಬೆಗಳ ಗುಂಪನ್ನು ತಿರುಗಿಸಿ, ಅಲಗಿನದನ್ನು ಪಕ್ಕಕ್ಕೋ ಬೆನ್ನಿಗೋ ತಂದರೆ ಸವೆತ ಹಂಚಿಹೋಗುತ್ತದೆ. ಹಳೆಯ ಕತ್ತಿಯ ಚೆನ್ನಾಗಿರುವ ದಬ್ಬೆಯನ್ನು ಇನ್ನೊಂದಕ್ಕೆ ಸೇರಿಸುವುದೂ ಉಂಟು. ಅಂಚಿಗೆ ಅಂಚು ಸಂದಿಲ್ಲದೆ ಕೂತರೆ ಮಾತ್ರ ಅದನ್ನು ಒಪ್ಪಬಹುದು. ನಾಕಾಯುಯಿಯನ್ನು ತುಸು ಒದ್ದೆ ಮಾಡಿ, ಮೂರು ಸುತ್ತು ಬಿಗಿದು, ಹುರಿಗೆ ಸೇರಿಸಿ ಗಂಟು ಹಾಕಿ; ಒಣಗಿದಂತೆ ಚರ್ಮ ಇನ್ನಷ್ಟು ಬಿಗಿಯುತ್ತದೆ. ಅದರ ಜಾಗ ತುದಿಯಿಂದ ಒಟ್ಟು ಉದ್ದದ ಸುಮಾರು ಕಾಲು ಭಾಗದಲ್ಲಿ, ಅಂದರೆ 120 ಸೆಂ.ಮೀ. ಕತ್ತಿಗೆ ಸುಮಾರು 30 ಸೆಂ.ಮೀ. ದೂರದಲ್ಲಿ. ಹುರಿಯನ್ನು ಕೊನೆಗೆ ಹಿಡಿಯ ಕಡೆಯ ಚರ್ಮದ ಕುಣಿಕೆಯಲ್ಲಿ ತೂರಿಸಿ, ಮೈಭಾರ ಹಾಕಿ ಎಳೆದು ಕಟ್ಟಿ. ಬೆರಳಿಂದ ಮೀಟಿದರೆ ಸ್ಪಷ್ಟವಾಗಿ ಮಿಡಿಯಬೇಕು.

ಇಷ್ಟೆಲ್ಲ ಬೇಡವೆಂದು ಕಾರ್ಬನ್ ಶಿನಾಯ್ ಕೊಳ್ಳಬಹುದಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಬಿದಿರಿನದಕ್ಕಿಂತ ಹಲವು ಪಟ್ಟು ಬೆಲೆ, ಬಾಳಿಕೆಯೂ ಹೆಚ್ಚು. ಆದರೆ ಅದರ ಮೇಲಿನ ಪದರ ಸುಲಿದು ಒಳಗಿನ ಕಾರ್ಬನ್ ನಾರು ಕಂಡರೆ ಅದನ್ನೂ ಬಿಸಾಡಬೇಕು. ಹುರಿ, ಟೊಪ್ಪಿಗೆ, ನಾಕಾಯುಯಿ ಅದಕ್ಕೂ ಇವೆ. ಅಲ್ಲಿ ಕಡಿಮೆಯಾಗುವುದು ಉಜ್ಜುವ ಕೆಲಸ, ನೋಡುವ ಕೆಲಸವಲ್ಲ. ಬಿರುಕಿನ ಮೇಲೆ ಟೇಪ್ ಸುತ್ತುವುದನ್ನಂತೂ ಒಪ್ಪಲಾಗದು. ಟೇಪ್ ಬಿರುಕನ್ನು ತಡೆಯುವುದಿಲ್ಲ, ಕಣ್ಣಿಗೆ ಕಾಣದಂತೆ ಮಾಡುತ್ತದೆ, ಅಷ್ಟೇ.

ಇನ್ನು ಎಷ್ಟು ಸಲ ಉಜ್ಜಿ ಉಳಿಸಿಕೊಳ್ಳಬಹುದು ಎಂಬುದಕ್ಕೆ ಸ್ಪರ್ಧೆಯ ನಿಯಮವೇ ಒಂದು ಅಳತೆ ಕೊಡುತ್ತದೆ. ವಯಸ್ಕರ ಶಿನಾಯ್ 120 ಸೆಂ.ಮೀ. ಮೀರಬಾರದು; ತೂಕ ಗಂಡಸರಿಗೆ 510 ಗ್ರಾಂ, ಹೆಂಗಸರಿಗೆ 440 ಗ್ರಾಂಗಿಂತ ಕಡಿಮೆ ಇರಬಾರದು. ತುದಿಯ ದಪ್ಪಕ್ಕೂ ಕನಿಷ್ಠ ಮಿತಿಯಿದೆ: ಗಂಡಸರಿಗೆ 26 ಮಿ.ಮೀ., ಹೆಂಗಸರಿಗೆ 25 ಮಿ.ಮೀ. ಕೈತಡೆಯಾದ ‘ತ್ಸುಬಾ’ವನ್ನು ತೆಗೆದು ಅಡುಗೆಮನೆಯ ತಕ್ಕಡಿಯ ಮೇಲಿಡಿ. ಹೆರೆದೂ ಹೆರೆದೂ ಈ ಮಿತಿಗಿಂತ ಕೆಳಗಿಳಿದಿದ್ದರೆ, ಸ್ಪರ್ಧೆಗೆ ಹೋಗದವರೂ ಅದನ್ನು ಪಕ್ಕಕ್ಕಿಡಬೇಕು. ಚೀಲದಲ್ಲಿ ಯಾವಾಗಲೂ ಸಿದ್ಧಪಡಿಸಿದ ಇನ್ನೊಂದು ಶಿನಾಯ್ ಇಟ್ಟುಕೊಳ್ಳಿ. ಬದಲಿ ಕೈಗೆ ಸಿಗುವಂತಿದ್ದರೆ, ಬಿರುಕು ಕಂಡ ಕತ್ತಿಯನ್ನು ಆ ಕ್ಷಣವೇ ಕೆಳಗಿಡಲು ಯಾರೂ ಹಿಂಜರಿಯುವುದಿಲ್ಲ.