ಫೋನಿನ ಪರದೆಯ ಮೇಲಿನ ಸ್ಲಾಟ್ ಜೂಜು: ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡಿಗರಿಗೆ ಕಾನೂನಿನ ತಿಳಿವಳಿಕೆ

ಸ್ಲಾಟ್ ಎಂಬುದು ಆಡುವವನ ಕೈಚಳಕಕ್ಕಾಗಲಿ ಬುದ್ಧಿಗಾಗಲಿ ಎಡೆಯಿಲ್ಲದ, ಬರಿಯ ಅದೃಷ್ಟವನ್ನೇ ನಂಬಿದ ಆಟ. ಪಣವಿಟ್ಟು ಗುಂಡಿ ಒತ್ತಿದ ಮೇಲೆ ತಿರುಗುವ ಚಕ್ರಗಳು ಯಾವ ಚಿತ್ರಗಳ ಸಾಲಿನಲ್ಲಿ ನಿಲ್ಲುತ್ತವೆಯೋ ಅದರಂತೆ ಸೋಲು ಗೆಲುವು ಗೊತ್ತಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಕಬ್ಬಿಣದ ಯಂತ್ರವಾಗಿ ಹುಟ್ಟಿದ ಈ ಆಟ ಇಂದು ಫೋನಿನ ಆ್ಯಪ್ ಆಗಿದ್ದು, ಅದರೊಳಗೆ ತಿರುಗುವಂತೆ ಕಾಣುವ ಚಕ್ರಗಳು ಕೇವಲ ಚಿತ್ರಗಳೇ ಹೊರತು ಫಲಿತಾಂಶವನ್ನು ನಿರ್ಧರಿಸುವ ಭಾಗಗಳಲ್ಲ. ಗುಂಡಿ ಒತ್ತಿದ ಕ್ಷಣದಲ್ಲೇ ಗೊತ್ತುಗುರಿಯಿಲ್ಲದ ಸಂಖ್ಯೆಯೊಂದನ್ನು ಹುಟ್ಟಿಸುವ ತಂತ್ರಾಂಶವು ಫಲಿತಾಂಶವನ್ನು ನಿಶ್ಚಯಿಸಿರುತ್ತದೆ. ಆಮೇಲೆ ಚಕ್ರ ಒಂದು ಚಿತ್ರದಷ್ಟರಲ್ಲಿ ಗೆಲುವನ್ನು ತಪ್ಪಿಸಿದಂತೆ ಕಾಣುವುದು ಆಟಗಾರನನ್ನು ಮತ್ತೊಮ್ಮೆ ಒತ್ತಿಸುವುದಕ್ಕೆ. ಜೂಜಿಗೆ ಪರವಾನಗಿ ಕೊಡುವ ದೇಶಗಳಲ್ಲಿ ಈ ತಂತ್ರಾಂಶವನ್ನು ಸ್ವತಂತ್ರ ಪ್ರಯೋಗಾಲಯಗಳು ಪರೀಕ್ಷಿಸುತ್ತವೆ. ಆದರೆ ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿನ ಲಿಂಕ್ ಮೂಲಕ ಕಲ್ಯಾಣದ ಹೋಟೆಲ್ ಕಾರ್ಮಿಕನ ಫೋನಿಗೋ ಐರೋಲಿಯ ಕಚೇರಿ ನೌಕರನ ಫೋನಿಗೋ ಇಳಿಯುವ ಆ್ಯಪ್‌ನಲ್ಲಿ ಚಕ್ರವನ್ನು ತಿರುಗಿಸುವ ಲೆಕ್ಕ ಯಾವುದೆಂದು ಕೇಳುವ ಅಧಿಕಾರಿ ಭಾರತದಲ್ಲಿ ಯಾರೂ ಇಲ್ಲ, ಏಕೆಂದರೆ ಅಂಥ ಆಟಕ್ಕೆ ಇಲ್ಲಿ ಪರವಾನಗಿಯೇ ಇಲ್ಲ.

ಸಂವಿಧಾನದ ಏಳನೆಯ ಅನುಸೂಚಿಯು ಜೂಜು ಮತ್ತು ಬಾಜಿಯನ್ನು ರಾಜ್ಯಪಟ್ಟಿಯಲ್ಲಿ ಇರಿಸಿರುವುದರಿಂದ ಒಂದು ರಾಜ್ಯದಲ್ಲಿ ಪರವಾನಗಿಯಿರುವ ಆಟ ಇನ್ನೊಂದರಲ್ಲಿ ಅಪರಾಧವಾಗಬಹುದು. ಗೋವಾದಲ್ಲಿ ಪಂಚತಾರಾ ಹೋಟೆಲುಗಳ ಒಳಗೆ ಸ್ಲಾಟ್ ಯಂತ್ರಗಳಿಗೆ ಅನುಮತಿಯಿದೆ. ಮಹಾರಾಷ್ಟ್ರವೂ 1976ರಲ್ಲಿ ಕ್ಯಾಸಿನೊಗಳ ನಿಯಂತ್ರಣ ಮತ್ತು ತೆರಿಗೆಗೆ ಒಂದು ಕಾಯ್ದೆಯನ್ನು ರಚಿಸಿತ್ತಾದರೂ ಅದನ್ನು ಎಂದೂ ಜಾರಿಗೆ ತರಲಿಲ್ಲ, 2023ರಲ್ಲಿ ರದ್ದುಪಡಿಸಿಯೂ ಆಯಿತು. ಆದ್ದರಿಂದ 'ಮಹಾರಾಷ್ಟ್ರದ ಕ್ಯಾಸಿನೊ ಕಾನೂನಿನಡಿ ಮಾನ್ಯತೆ ಪಡೆದದ್ದು' ಎಂದು ಹೇಳಿಕೊಳ್ಳುವ ಆ್ಯಪ್‌ನ ಮಾತು ಸುಳ್ಳೆಂದು ತಿಳಿಯಬೇಕು. ಇಲ್ಲಿ ಈಗಲೂ ಅನ್ವಯಿಸುವುದು ಮುಂಬಯಿ ಪ್ರಾಂತ್ಯದ ಕಾಲದಲ್ಲಿ, 1887ರಲ್ಲಿ ಬಂದ ಜೂಜು ತಡೆ ಕಾಯ್ದೆ. ಅದರ 13ನೆಯ ಕಲಂ ಕೇವಲ ಕೌಶಲದ ಆಟಗಳಿಗೆ ವಿನಾಯಿತಿ ಕೊಡುತ್ತದೆ. ಸ್ಲಾಟ್ ಅದರಡಿ ಬರುವ ಪ್ರಶ್ನೆಯೇ ಇಲ್ಲ. ವಿಡಿಯೋ ಗೇಮ್ ಪಾರ್ಲರ್ ಎಂಬ ಫಲಕದ ಹಿಂದೆ ನಡೆಯುವ ಪರದೆಯ ಜೂಜನ್ನೂ ನ್ಯಾಯಾಲಯಗಳು ಬಹಳ ಹಿಂದೆಯೇ ಪರಿಶೀಲಿಸಿದ್ದು, ಎಂ.ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಅಂಥ ಆಟಗಳ ಮೇಲೆ ಪರವಾನಗಿ ಹಾಗೂ ನಿಯಂತ್ರಣ ಹೇರುವ ಸರ್ಕಾರದ ಅಧಿಕಾರವನ್ನು ಎತ್ತಿಹಿಡಿಯಿತು. ಜೂಜುಕಟ್ಟೆ ಎಂದು ಗುರುತಿಸಿದ ಜಾಗದಲ್ಲಿ ಸಿಕ್ಕಿದವನು ಜೂಜಿಗಾಗಿಯೇ ಅಲ್ಲಿದ್ದನೆಂದು 1887ರ ಕಾಯ್ದೆ ಊಹಿಸುತ್ತದೆ, ಹಾಗಲ್ಲವೆಂದು ತೋರಿಸುವ ಹೊಣೆ ಸಿಕ್ಕಿದವನದು. ಗೆಳೆಯನ ಜೊತೆ ಸುಮ್ಮನೆ ಹೋಗಿ ಕೂತಿದ್ದೆ ಎನ್ನುವ ಹುಡುಗರಿಗೂ ಅವರ ಮನೆಯವರಿಗೂ ಈ ಊಹೆಯ ನಿಯಮ ಗೊತ್ತಿರಬೇಕು.

ಮನೆಯಲ್ಲಿ ಕೂತು, ಸ್ವಂತ ಫೋನಿನಲ್ಲಿ ಆಡುವವನ ಮಟ್ಟಿಗೆ ಈ ಹಳೆಯ ಕಾಯ್ದೆ ಸರಿಯಾಗಿ ಹೊಂದುತ್ತಿರಲಿಲ್ಲ, ಏಕೆಂದರೆ ಅದು ಗೋಡೆ ಬಾಗಿಲುಗಳಿರುವ ಜೂಜುಕಟ್ಟೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಆ ಕೊರತೆಯನ್ನು ತುಂಬಲು ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, 2025 ಅನ್ನು ಅಂಗೀಕರಿಸಿತು. ಅದಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳವನ್ನು ಈ ಕಾಯ್ದೆ ಬದಿಗಿಟ್ಟು, ಹಣ ಅಥವಾ ಹಣಕ್ಕೆ ಸಮನಾದ ಪಣ ಕಟ್ಟಿ, ಹಣದ ಲಾಭವನ್ನು ನಿರೀಕ್ಷಿಸಿ ಆಡುವ ಪ್ರತಿ ಆಟವನ್ನೂ ಆನ್‌ಲೈನ್ ಹಣದಾಟವೆಂದು ಕರೆಯುತ್ತದೆ; ದುಡ್ಡು ಕೊಟ್ಟು ಕೊಂಡ ಕಾಯಿನ್, ಟೋಕನ್, ಕ್ರೆಡಿಟ್ ಕೂಡ ಪಣವೇ. ಅಂಥ ಆಟವನ್ನು ಒದಗಿಸುವುದಕ್ಕೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ, ಅದರ ಜಾಹೀರಾತಿಗೆ ಎರಡು ವರ್ಷದವರೆಗೆ ಸೆರೆ ಅಥವಾ 50 ಲಕ್ಷದವರೆಗೆ ದಂಡ ಅಥವಾ ಎರಡೂ, ಅದಕ್ಕೆ ಹಣ ಸಾಗಿಸುವುದಕ್ಕೆ ಮತ್ತೆ ಮೂರು ವರ್ಷ ಮತ್ತು ಒಂದು ಕೋಟಿಯ ಮಿತಿ. ಹಲವು ಕಂಪನಿಗಳು ಕರ್ನಾಟಕ ಸೇರಿದಂತೆ ಬೇರೆ ಬೇರೆ ಹೈಕೋರ್ಟುಗಳಲ್ಲಿ ಇದನ್ನು ಪ್ರಶ್ನಿಸಿದ್ದವು, ಆ ಅರ್ಜಿಗಳನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನ ಮುಂದೆ ತರಿಸಿಕೊಂಡಿತು. ಆದರೆ ಆ ವಾದಗಳ ಬಲವಿರುವುದು ರಮ್ಮಿ, ಪೋಕರ್‌ನಂಥ ಆಟಗಳ ಕೌಶಲದಲ್ಲಿ, ಸ್ಲಾಟ್‌ಗೆ ಆ ಆಸರೆಯೂ ಇಲ್ಲ. ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಪಡಿಸುವ ದಿನದಿಂದ ಕಾಯ್ದೆ ಜಾರಿಗೆ ಬರುವುದೆಂದು ಅದರ ಮೊದಲ ಕಲಮೇ ಹೇಳುವುದರಿಂದ, ದೂರು ಬರೆಯುವಾಗ ಹಣ ಹೋದ ದಿನಾಂಕವನ್ನು ಸ್ಪಷ್ಟವಾಗಿ ನಮೂದಿಸುವುದು ಅಗತ್ಯ. ವಂಚನೆಗೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂಗಳಿಗೆ ಈ ತೊಡಕಿಲ್ಲ.

2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಜನಸಾಮಾನ್ಯರು ಗಮನಿಸಲೇಬೇಕಾದ ಅಂಶವೆಂದರೆ, ಅದರ ದಂಡನೆಯ ಕಲಮುಗಳಲ್ಲಿ ಬರಿದೆ ಆಡಿದವನಿಗೆ ಶಿಕ್ಷೆಯಿಲ್ಲ. ಆಟಗಾರನನ್ನು ಅಪರಾಧಿಯಲ್ಲ, ಹಾನಿಗೊಳಗಾದವನು ಎಂದು ನೋಡುವುದು ಸರ್ಕಾರವೇ ಹೇಳಿದ ನಿಲುವು. ಹಣ ಕಳೆದುಕೊಂಡವರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದಿರುವುದಕ್ಕೆ ಮುಖ್ಯ ಕಾರಣ 'ದೂರು ಕೊಟ್ಟರೆ ತಾನೂ ಸಿಕ್ಕಿಬೀಳುತ್ತೇನೆ' ಎಂಬ ಹೆದರಿಕೆ ಮತ್ತು ನೆಂಟರಿಷ್ಟರೆದುರು ಮಾನ ಹೋಗುವ ಅಳುಕು. ವಂಚಕರಿಗೆ ರಕ್ಷಣೆಯಾಗಿರುವುದು ಇದೇ ಮೌನ. ಇದೇ ಹೆದರಿಕೆಯನ್ನು ಹಿಡಿದು, ಪೊಲೀಸರ ಸೋಗಿನಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ ಇನ್ನಷ್ಟು ಸುಲಿಯುವವರೂ ಇದ್ದಾರೆ. ಅಂಥ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ.

ಆದರೆ ಆಟಗಾರನಿಗೆ ಸಿಗುವ ಈ ರಕ್ಷಣೆ ಏಜೆಂಟನಿಗೆ ಸಿಗುವುದಿಲ್ಲ. ಹೊಸಬರನ್ನು ಸೇರಿಸಿದರೆ ಕಮಿಷನ್ ಸಿಗುತ್ತದೆಂದು ಊರಿನವರ ಗುಂಪಿಗೋ ಹೋಟೆಲ್ ನೌಕರರ ಗುಂಪಿಗೋ ಲಿಂಕ್ ಹಾಕುವುದು, ಜಾಹೀರಾತನ್ನು ನಿಷೇಧಿಸುವ, ಅದೇ ಕಾಯ್ದೆಯ 6ನೆಯ ಕಲಮಿನ ವಿಶಾಲ ಮಾತುಗಳೊಳಗೆ ಬರಬಲ್ಲದು. ಇದಕ್ಕಿಂತ ಅಪಾಯಕಾರಿಯಾದದ್ದು ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡುವುದು. ತಿಂಗಳಿಗೆ ಇಷ್ಟು ಎಂದು ಹೇಳಿ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಮೂರನ್ನೂ ಕೇಳುವವನು ಜೂಜಿನ ಹಣವನ್ನು ಆ ಖಾತೆಯ ಮೂಲಕ ಸಾಗಿಸುತ್ತಾನೆ, ಪೊಲೀಸರು ಬಂದು ಬಾಗಿಲು ತಟ್ಟುವುದು ಮಾತ್ರ ಖಾತೆದಾರನ ಮನೆಯದ್ದು. ಅನಧಿಕೃತ ಬಾಜಿ ಮತ್ತು ಜೂಜನ್ನು ಗುಂಪಾಗಿ ನಡೆಸುವುದು ನ್ಯಾಯ ಸಂಹಿತೆಯ 112ನೆಯ ಕಲಮಿನಲ್ಲಿ ಸಣ್ಣ ಪ್ರಮಾಣದ ಸಂಘಟಿತ ಅಪರಾಧವಾಗಿದ್ದು, ಒಂದರಿಂದ ಏಳು ವರ್ಷದವರೆಗೆ ಸೆರೆಗೆ ಅವಕಾಶವಿದೆ. ಓದಿಗೋ ಕೆಲಸಕ್ಕೋ ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಹಿರಿಯರು ಹೇಳಬೇಕಾದ ಮೊದಲ ಮಾತು ಇದೇ.

ವಂಚನೆಯ ಬಗೆ ಸಾಮಾನ್ಯವಾಗಿ ಹೀಗಿರುತ್ತದೆ. ಆ್ಯಪ್ ಪ್ಲೇ ಸ್ಟೋರಿನಿಂದಲ್ಲ, ಲಿಂಕ್‌ನಿಂದ ಬರುತ್ತದೆ. ಹಣ ಹಾಕಲು ತೋರಿಸುವ ಯುಪಿಐ ವಿಳಾಸ ಕಂಪನಿಯದ್ದಾಗಿರದೆ ಯಾವುದೋ ವ್ಯಕ್ತಿಯ ಹೆಸರಿನಲ್ಲಿದ್ದು, ಪ್ರತಿ ಸಲವೂ ಬದಲಾಗುತ್ತದೆ. ಮೊದಲ ಸಣ್ಣ ಗೆಲುವು ಖಾತೆಗೆ ಜಮೆಯಾಗಿ ನಂಬಿಕೆ ಕುದುರಿಸುತ್ತದೆ. ದೊಡ್ಡ ಮೊತ್ತವನ್ನು ತೆಗೆಯಹೋದಾಗ 'ಮೊದಲು ತೆರಿಗೆ ಕಟ್ಟಿ' ಎಂಬ ಸಂದೇಶ ಬರುತ್ತದೆ. ಗೆಲುವಿನ ಮೇಲಿನ ಆದಾಯ ತೆರಿಗೆಯನ್ನು ಪಾವತಿಸುವವನೇ ಗೆದ್ದ ಹಣದಿಂದ ಮುರಿದುಕೊಳ್ಳುವುದು ಕಾನೂನಿನ ಕ್ರಮವಾಗಿರುವುದರಿಂದ, ಮುಂಗಡವಾಗಿ ತೆರಿಗೆ ಕೇಳಿದ ಕ್ಷಣದಲ್ಲೇ ಅದು ವಂಚನೆಯೆಂದು ನಿಶ್ಚಯಿಸಬಹುದು.

ಆಗ ಮಾಡಬೇಕಾದ ಮೊದಲ ಕೆಲಸ 1930 ಸಂಖ್ಯೆಗೆ ಕರೆ ಮಾಡುವುದು, ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುವ ಮುನ್ನ ಬ್ಯಾಂಕುಗಳಿಗೆ ತಡೆಸೂಚನೆ ಹೋಗಬೇಕಾದ್ದರಿಂದ ಇಲ್ಲಿ ದಿನಗಳಲ್ಲ, ಗಂಟೆಗಳ ಲೆಕ್ಕ. ವ್ಯವಹಾರದ ಯುಟಿಆರ್ ಸಂಖ್ಯೆ, ಅಂದರೆ ಪ್ರತಿ ಪಾವತಿಗೂ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ, ದಿನಾಂಕ, ವೇಳೆ, ಮೊತ್ತ, ಎದುರಿನ ಯುಪಿಐ ವಿಳಾಸ ಇವನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಬೇಕು. ಸಿಟ್ಟಿನಲ್ಲಿ ಆ್ಯಪ್ ಅಳಿಸುವುದು, ಚಾಟ್ ತೆಗೆದುಹಾಕುವುದು ಸಾಕ್ಷ್ಯವನ್ನು ತಾನೇ ನಾಶಮಾಡಿಕೊಂಡಂತೆ. ತಡೆಹಿಡಿಯಲಾದ ಹಣ ತಾನಾಗಿ ಹಿಂದಿರುಗುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ಬಿಡುಗಡೆಯ ಆದೇಶ ಪಡೆಯಬಹುದು.

ಠಾಣೆ ಪೊಲೀಸ್ ಕಮಿಷನರೇಟಿನ ವ್ಯಾಪ್ತಿಯಲ್ಲಿ ಠಾಣೆ, ಭಿವಂಡಿ, ಕಲ್ಯಾಣ, ಡೊಂಬಿವಲಿ, ಉಲ್ಲಾಸನಗರ, ಅಂಬರನಾಥ, ಬದಲಾಪುರಗಳು ಬರುತ್ತವೆ. ನವಿಮುಂಬಯಿಯದು ಬೇರೆಯೇ ಕಮಿಷನರೇಟ್. ವಾಶಿಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಮನೆ ಇರುವವನು ದಾರಿಯಲ್ಲಿ ಲೋಕಲ್ ಟ್ರೇನಿನಲ್ಲಿ ಹಣ ಕಳೆದುಕೊಂಡರೆ ಯಾವ ಪೊಲೀಸ್ ಠಾಣೆಗೆ ಹೋಗಬೇಕೆಂಬ ಗೊಂದಲ ಸಹಜ. ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿಯನ್ನು, ಯಾವ ಠಾಣೆಯಲ್ಲಾದರೂ ಕೊಡಬಹುದು; ಅದು ಝೀರೊ ಎಫ್‌ಐಆರ್ ಆಗಿ ದಾಖಲಾಗಿ ಆಮೇಲೆ ಸಂಬಂಧಿಸಿದ ಠಾಣೆಗೆ ವರ್ಗವಾಗುತ್ತದೆ. ವಿದ್ಯುನ್ಮಾನ ರೂಪದಲ್ಲಿ ದೂರು ಕಳಿಸಿದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಮರಾಠಿಯಲ್ಲಿ ಬರೆಯಲಾಗುತ್ತದೆ. ಬಾಯಿಮಾತಿನಲ್ಲಿ ಕೊಟ್ಟ ಮಾಹಿತಿಯನ್ನು ಬರೆದುಕೊಂಡ ಮೇಲೆ ದೂರುದಾರನಿಗೆ ಓದಿ ಹೇಳಬೇಕೆಂಬುದೂ, ಪ್ರತಿಯನ್ನು ಉಚಿತವಾಗಿ ಕೊಡಬೇಕೆಂಬುದೂ ಅದೇ ಕಲಮಿನಲ್ಲಿದೆ. ಮರಾಠಿ ಓದಲು ಬಾರದವರು ತಿಳಿದವರೊಬ್ಬರನ್ನು ಜೊತೆಗೆ ಕರೆದೊಯ್ದು, ಮೊತ್ತ ಮತ್ತು ದಿನಾಂಕಗಳು ಸರಿಯಾಗಿವೆಯೇ ಎಂದು ನೋಡಿಯೇ ಸಹಿ ಹಾಕುವುದು ಒಳಿತು. ದೂರು ತೆಗೆದುಕೊಳ್ಳದಿದ್ದರೆ ಅದರ ಸಾರವನ್ನು ಬರವಣಿಗೆಯಲ್ಲಿ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು, ಅಲ್ಲೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬೇಕು.

ಬ್ಯಾಂಕಿನ ಹೊಣೆಯ ಬಗ್ಗೆ ಒಂದು ಭೇದವನ್ನು ಅರಿತಿರಬೇಕು. ಗ್ರಾಹಕನ ಒಪ್ಪಿಗೆಯಿಲ್ಲದೆ, ಮೂರನೆಯವರ ಕೈವಾಡದಿಂದ ಖಾತೆಯಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಮೇಲೆ ನಷ್ಟದ ಹೊಣೆಯಿಲ್ಲವೆಂದು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಗೊತ್ತುಪಡಿಸಿತು. ತಾನೇ ಪಿನ್ ಒತ್ತಿ ಕಳಿಸಿದ ಪಣದ ಹಣಕ್ಕೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಆ್ಯಪ್ ಕಳ್ಳತನದಿಂದ ಫೋನಿನ ಒಟಿಪಿ ಓದಿ ಹಣ ಎಳೆದಿದ್ದರೆ ಮಾತ್ರ ಈ ದಾರಿ ತೆರೆಯುತ್ತದೆ.

ಸಾಲದ ವಿಷಯದಲ್ಲಿ ಈ ಪ್ರದೇಶದವರಿಗೆ ಬೇರೆ ಹಲವು ರಾಜ್ಯಗಳಲ್ಲಿ ಕಾಣದ ಒಂದು ರಕ್ಷಣೆಯಿದೆ. ಭಾರತೀಯ ಕರಾರು ಕಾಯ್ದೆ, 1872ರ 30ನೆಯ ಕಲಮಿನಂತೆ ಬಾಜಿಯ ಒಪ್ಪಂದ ಅನೂರ್ಜಿತ, ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಹಳೆಯ ಮುಂಬಯಿ ಪ್ರಾಂತ್ಯದ 1865ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೂಜಿಗೆ ನೆರವಾಗಲೆಂದು ತಿಳಿದೇ ಮಾಡಿಕೊಂಡ ಪೂರಕ ಒಪ್ಪಂದಗಳನ್ನೂ ಅನೂರ್ಜಿತಗೊಳಿಸಿದೆ. ಗೇರುಲಾಲ್ ಪಾರೇಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1959ರಲ್ಲಿ ಈ ವ್ಯತ್ಯಾಸವನ್ನು ವಿವರಿಸಿದೆ. ಆದ್ದರಿಂದ ಆಟದ ಗುಂಪಿನ ಏಜೆಂಟನೇ 'ಆಡು, ಆಮೇಲೆ ಕೊಡು' ಎಂದು ಕೊಟ್ಟ ಸಾಲವನ್ನು ಇಲ್ಲಿಯ ಸಿವಿಲ್ ನ್ಯಾಯಾಲಯದಲ್ಲಿ ವಸೂಲು ಮಾಡಲಾಗದು. ಬ್ಯಾಂಕಿನ ಸಾಲಕ್ಕಾಗಲಿ, ಉದ್ದೇಶ ತಿಳಿಯದೆ ಕೈಗಡ ಕೊಟ್ಟ ಗೆಳೆಯನ ಹಣಕ್ಕಾಗಲಿ ಇದು ಅನ್ವಯಿಸುವುದಿಲ್ಲ. ಪರವಾನಗಿಯಿಲ್ಲದೆ ಬಡ್ಡಿವ್ಯವಹಾರ ಮಾಡಿ ಮನೆಗೆ ಬಂದು ಪೀಡಿಸುವವರ ವಿರುದ್ಧ ಮಹಾರಾಷ್ಟ್ರ ಲೇವಾದೇವಿ ನಿಯಂತ್ರಣ ಕಾಯ್ದೆ, 2014ರಡಿ ಸಹಕಾರ ಸಂಘಗಳ ಜಿಲ್ಲಾ ಉಪನಿಬಂಧಕರಿಗೆ ದೂರು ಕೊಡಬಹುದು.

ಹಣ ಕಳೆದುಕೊಂಡವನಿಗಿಂತ ಹೆಚ್ಚು ಬವಣೆ ಪಡುವವಳು ಹಲವು ಮನೆಗಳಲ್ಲಿ ಅವನ ಹೆಂಡತಿ. ತವರಿನವರು ಕೊಟ್ಟ ಬಳೆ, ಕರಿಮಣಿ ಸರ ಅವಳಿಗೆ ತಿಳಿಯದೆ ಗಿರವಿ ಅಂಗಡಿ ಸೇರುವುದು, ಮನೆಖರ್ಚಿಗೆ ದುಡ್ಡಿಲ್ಲದಾಗುವುದು ಕೇವಲ ಸಂಸಾರದ ಜಗಳವಲ್ಲ; ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005ರ 3ನೆಯ ಕಲಂ ಸ್ತ್ರೀಧನವನ್ನು ಪರಭಾರೆ ಮಾಡುವುದನ್ನೂ ಮನೆಯ ಅಗತ್ಯಗಳಿಗೆ ಹಣ ಕೊಡದಿರುವುದನ್ನೂ ಆರ್ಥಿಕ ಹಿಂಸೆಯೆಂದು ಗುರುತಿಸಿದೆ. ಅವಳು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಿ, ಉಳಿದ ಆಸ್ತಿ, ಲಾಕರ್, ಖಾತೆಗಳನ್ನು ಗಂಡ ಮುಟ್ಟದಂತೆ ರಕ್ಷಣಾದೇಶವನ್ನೂ 20ನೆಯ ಕಲಮಿನಡಿ ಹಣದ ಪರಿಹಾರವನ್ನೂ ಕೇಳಬಹುದು; ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ಗೊತ್ತಾಗಬೇಕು. ಇದಕ್ಕೆ ಗಂಡನನ್ನು ಬಿಡಬೇಕಾಗಿಲ್ಲ, ವಿಚ್ಛೇದನ ಕೇಳಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೆಯ ಕಲಮಿನಂತೆ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ, 15100ಕ್ಕೆ ಕರೆ ಮಾಡಿ ವಿಚಾರಿಸಬಹುದು. ಡೊಂಬಿವಲಿಯವರಿಗೆ ಕಲ್ಯಾಣದ ನ್ಯಾಯಾಲಯ, ವಾಶಿ, ನೆರೂಳ್ ಕಡೆಯವರಿಗೆ ಬೇಲಾಪುರದ್ದು. ಖಾರ್‌ಘರ್, ಪನ್ವೇಲ್‌ಗಳು ನವಿಮುಂಬಯಿ ಎನಿಸಿಕೊಂಡರೂ ರಾಯಗಡ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿಯವರು ಪನ್ವೇಲ್ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬೇಕು.