ಮುಂಚಕ್ರದ ‘ಟಕ್ ಟಕ್’ ಮತ್ತು ಒಂದು ರಬ್ಬರ್ ಬುಷ್

ನಮ್ಮ ಮನೆಯಲ್ಲಿ ಒಂದು ಹಳೆಯ ಮಾರುತಿ 800 ಇದೆ. ಹಂಪ್ ಇಳಿಯುವಾಗಲೆಲ್ಲ ಎಡ ಮುಂಚಕ್ರದ ಕಡೆಯಿಂದ ‘ಟಕ್’ ಎಂಬ ಸದ್ದು ಬರುತ್ತಿತ್ತು. ಕಳೆದ ಬೇಸಿಗೆ ರಜೆಯಲ್ಲಿ ನಾನೇ ಅಡಿಯಲ್ಲಿ ಮಲಗಿ ಲೋವರ್ ಆರ್ಮಿನ ಬುಷ್ ಬದಲಿಸಿದೆ. ಸದ್ದು ನಿಂತಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಶುರುವಾಯಿತು. ಬಿಚ್ಚಿ ನೋಡಿದರೆ ಹೊಸ ಬುಷ್ ಹರಿದಿತ್ತು! ಮಾಲೇ ಕಳಪೆ ಎಂದುಕೊಂಡೆ. ಗ್ಯಾರೇಜ್ ಕೆಲಸ ಬಲ್ಲ ನನ್ನ ಮಾವ ಕೇಳಿದ್ದು ಒಂದೇ ಪ್ರಶ್ನೆ: “ಬೋಲ್ಟ್ ಬಿಗಿ ಮಾಡುವಾಗ ಚಕ್ರ ನೆಲದ ಮೇಲಿತ್ತಾ, ನೇತಾಡ್ತಾ ಇತ್ತಾ?”

ನೇತಾಡುತ್ತಿತ್ತು. ದಿನವೂ ತರಗತಿಯಲ್ಲಿ ಹುಕ್‌ನ ನಿಯಮ ಹೇಳುವ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಈ ಕಾರಿನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆ ಇಂದಿಗೂ ಬಹುತೇಕ ಸಣ್ಣ ಕಾರುಗಳಲ್ಲಿದೆ. ಮೇಲೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗೆ ನಿಂತು ಕಾರಿನ ಭಾರ ಹೊರುತ್ತವೆ. ಕೆಳಗೆ ಲೋವರ್ ಆರ್ಮ್ ಚಕ್ರವನ್ನು ಅತ್ತಿತ್ತ ಸರಿಯದಂತೆ ಹಿಡಿದಿರುತ್ತದೆ. ಆರ್ಮಿನ ಹೊರತುದಿಯಲ್ಲಿ ಬಾಲ್ ಜಾಯಿಂಟ್, ಒಳತುದಿಯಲ್ಲಿ ರಬ್ಬರ್ ಬುಷ್.

ಬುಷ್ ಎಂದರೆ ಬೇರಿಂಗಿನಂತೆ ಸುತ್ತುವ ವಸ್ತುವಲ್ಲ. ಒಳಗಿನ ಕಬ್ಬಿಣದ ಕೊಳವೆಗೆ ರಬ್ಬರ್ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದ ಕೂಡಲೇ ಆ ಕೊಳವೆ ಬಾಡಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆದಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಯಾವ ಸ್ಥಾನದಲ್ಲಿ ಬೋಲ್ಟ್ ಬಿಗಿ ಮಾಡುತ್ತೇವೋ ಅದೇ ರಬ್ಬರಿಗೆ ಸೊನ್ನೆ.

ಲೆಕ್ಕ ಹಾಕಿ ನೋಡೋಣ. ಆರ್ಮಿನ ಉದ್ದ 30 ಸೆಂ.ಮೀ., ಜ್ಯಾಕ್ ಎತ್ತಿದಾಗ ಚಕ್ರ 8 ಸೆಂ.ಮೀ. ಇಳಿಯಿತು ಎಂದುಕೊಳ್ಳಿ. ಕೋನದ ಸೈನ್ 8/30, ಅಂದರೆ ಕೋನ ಸುಮಾರು 15 ಡಿಗ್ರಿ. ಆ ಸ್ಥಿತಿಯಲ್ಲಿ ಬಿಗಿ ಮಾಡಿದರೆ, ಕಾರನ್ನು ನೆಲಕ್ಕಿಳಿಸಿದ ಕ್ಷಣವೇ ರಬ್ಬರ್ 15 ಡಿಗ್ರಿ ತಿರುಚಿಕೊಳ್ಳುತ್ತದೆ. ಅಂಗಳದಲ್ಲಿ ಸುಮ್ಮನೆ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಹೊಂಡ ಸಿಕ್ಕಿದಾಗ ಅದರ ಮೇಲೆ ಇನ್ನಷ್ಟು.

ಈ ಸಲ ಮಾವನ ಎದುರಲ್ಲೇ ಮತ್ತೆ ಕೆಲಸ ಹಿಡಿದೆ. ಬರಿಯ ಜ್ಯಾಕ್ ನಂಬಿ ಕಾರಿನ ಅಡಿಗೆ ಹೋಗಲೇಬಾರದು. ಸಮತಟ್ಟಾದ ಗಟ್ಟಿ ನೆಲ, ಹಿಂಚಕ್ರಗಳಿಗೆ ಅಡ್ಡಗಲ್ಲು, ಬಾಡಿಯ ಗಟ್ಟಿ ಜಾಗಕ್ಕೆ ಜ್ಯಾಕ್ ಸ್ಟ್ಯಾಂಡ್ ಬೇಕೇ ಬೇಕು. ಕೆಂಪುಕಲ್ಲು, ಸಿಮೆಂಟ್ ಇಟ್ಟಿಗೆ ಸ್ಟ್ಯಾಂಡಿನ ಬದಲಿಗೆ ಆಗುವುದಿಲ್ಲ. ಅವು ಮೊದಲೇ ಸೂಚನೆ ಕೊಡದೆ ಒಡೆಯುತ್ತವೆ.

ಬಿಚ್ಚುವ ಮುನ್ನ ಪರೀಕ್ಷೆ. ಎತ್ತಿದ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಒಬ್ಬರು ಬ್ರೇಕ್ ಒತ್ತಿಹಿಡಿಯಲಿ. ಆಗ ಆಟ ನಿಂತರೆ ಚಕ್ರದ ಬೇರಿಂಗ್ ಸವೆದಿದೆ, ನಿಲ್ಲದಿದ್ದರೆ ಬಾಲ್ ಜಾಯಿಂಟನ್ನು ಅನುಮಾನಿಸಿ. 9 ಮತ್ತು 3ರ ಜಾಗದಲ್ಲಿ ಆಟವಿದ್ದರೆ ಸ್ಟಿಯರಿಂಗಿನ ಟೈ ರಾಡ್ ತುದಿ ನೋಡಬೇಕು. ಬಾಲ್ ಜಾಯಿಂಟ್ ಸಡಿಲವಿದ್ದರೆ ಕಾರನ್ನು ರಸ್ತೆಗಿಳಿಸಬೇಡಿ. ಅದು ಕಳಚಿದರೆ ಓಡುತ್ತಿರುವಾಗಲೇ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ. ನಮ್ಮದರಲ್ಲಿ ಅದು ಗಟ್ಟಿಯಾಗಿತ್ತು.

ಹಳೆಯ ಬುಷ್ ತೆಗೆಯಲು ದೊಡ್ಡ ವೈಸ್ ಮತ್ತು ಅಳತೆಗೆ ಸರಿಯಾದ ಸಾಕೆಟ್ ಸಾಕು. ಹೊಸದನ್ನು ಕೂರಿಸುವಾಗ ಜಾರಲೆಂದು ಕಳೆದ ಸಲ ಎಂಜಿನ್ ಆಯಿಲ್ ಸವರಿದ್ದೆ. ಅದೂ ತಪ್ಪೇ, ರಬ್ಬರ್ ಎಣ್ಣೆ ಹೀರಿ ಉಬ್ಬಿ ಮೆತ್ತಗಾಗುತ್ತದೆ. ಸೋಪುನೀರು ಬಳಸಿ. ಆರ್ಮ್ ಕೂರಿಸಿ ಬೋಲ್ಟನ್ನು ಕೈಬಿಗಿ ಮಾತ್ರ ಮಾಡಿಕೊಳ್ಳಿ. ಸ್ಟ್ಯಾಂಡ್ ಇದ್ದಲ್ಲೇ ಇರಲಿ. ಜ್ಯಾಕನ್ನು ಆರ್ಮಿನ ಹೊರತುದಿಯ ಅಡಿಗಿಟ್ಟು, ಬಾಡಿ ಸ್ಟ್ಯಾಂಡಿನಿಂದ ಇನ್ನೇನು ಏಳಬೇಕು ಎನ್ನುವಷ್ಟು ಎತ್ತಿ. ಆರ್ಮ್ ಈಗ ರಸ್ತೆಯ ಮೇಲಿದ್ದ ಸ್ಥಾನಕ್ಕೆ ಬಂದಿರುತ್ತದೆ. ಬಿಗಿ ಮಾಡುವುದು ಈಗ.

ಎಷ್ಟು ಬಿಗಿ? ಕಾರಿನ ಸರ್ವಿಸ್ ಕೈಪಿಡಿಯಲ್ಲಿ ಇರುವಷ್ಟು. 50 ನ್ಯೂಟನ್ ಮೀಟರ್ ಎಂದು ಬರೆದಿದ್ದರೆ, ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ಭಾರದಷ್ಟು ಬಲ. ಟಾರ್ಕ್ ರೆಂಚನ್ನು ಬಾಡಿಗೆಗೋ ಕೈಸಾಲಕ್ಕೋ ತಂದುಕೊಳ್ಳಿ. ಬಿಚ್ಚಿದ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ, ಹೊಸದು ಹಾಕಿ. ಕೊನೆಗೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ.

ಸ್ಟ್ರಟ್ ಬಿಚ್ಚಿ ಸ್ಪ್ರಿಂಗ್ ಹೊರತೆಗೆಯುವ ಕೆಲಸಕ್ಕೆ ಮಾತ್ರ ನಾನು ಕೈಹಾಕಲಿಲ್ಲ. ಅದುಮಿ ಕೂತ ಸ್ಪ್ರಿಂಗಿನಲ್ಲಿರುವ ಶಕ್ತಿ ಎಷ್ಟೆಂದು ನಿಮಗೆ ಸೂತ್ರದಿಂದಲೇ ಗೊತ್ತು. ಕಂಪ್ರೆಸರ್ ಸಾಧನ ಮತ್ತು ಅನುಭವ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಅದು ಮುಖಕ್ಕೇ ಚಿಮ್ಮೀತು.

ಹರಿದ ಬುಷ್ ಈಗ ಭೌತಶಾಸ್ತ್ರ ಪ್ರಯೋಗಾಲಯದ ಕಿಟಕಿಯ ಬಳಿ ಇದೆ. ಬಿಡುವಿದ್ದಾಗ ಬಂದು ನೋಡಿ. ಬಿರುಕುಗಳೆಲ್ಲ ಒಂದೇ ದಿಕ್ಕಿಗೆ ಓರೆಯಾಗಿವೆ.